ಅಳಿಯನ ಚಪಾತಿಗೆ ಬಳಿದ ಸುಳ್ಳು ಕೊಬ್ಬು

ಮಗಳ ಬಾಣಂತನಕ್ಕೆ ಜಪಾನಿನ ವಾಕೋ ಊರಿಗೆ ಹೋದವಳು, ಕೊರೋನಾ ಬಂದು ವಿಮಾನ ನಿಂತು ಅಲ್ಲೇ ಸಿಕ್ಕಿಬಿದ್ದೆ. ಅಳಿಯನದು ಮನೆಯಿಂದಲೇ ಕಂಪ್ಯೂಟರ್ ಕೆಲಸ. ಮಗಳದು ಲ್ಯಾಬಿನಲ್ಲಿ: ಬಿಸ್ಕತ್ತಿಗೆ ಸುಳ್ಳು ಕೊಬ್ಬು ಎಷ್ಟು ಹಾಕಿದ್ದಾರೆಂದು ಅಳೆಯುವುದು. ಅದು ಕೊಬ್ಬಿನ ಬದಲು ಹಾಕುವ ಕೃತಕ ಜಿಡ್ಡು; ಮೈಗೆ ಹತ್ತುವುದಿಲ್ಲ, ತಿಂದ ಹಾಗೇ ಆಚೆ ಬರುತ್ತದೆ. ಬಿಸ್ಕತ್ತಿನ ಜಿಡ್ಡು ಕರಗಿಸಿ ಕೊಟ್ಟರೆ ಮಿಷನ್ನು ಅದನ್ನು ಉಕ್ಕಿನ ಕೊಳವೆಯೊಳಗೆ ನೂಕುತ್ತದೆ. ಒಂದೊಂದು ಜಿಡ್ಡು ಒಂದೊಂದು ಹೊತ್ತಿಗೆ ಹೊರಬರುತ್ತದೆ. ಸುಳ್ಳಿನದು ಯಾವುದೆಂದು ಗುರುತಿಸಲು ಅಪ್ಪಟ ಸುಳ್ಳು ಕೊಬ್ಬನ್ನೂ ಬಿಟ್ಟು ನೋಡಬೇಕು. ಕೊರೋನಾದಿಂದಾಗಿ ಲ್ಯಾಬಿನಲ್ಲಿ ಅವಳ ಸರದಿ ಗುರುವಾರ ಮಾತ್ರ. ಆ ವಾರ ಫಲಿತಾಂಶ ಕೊಡದಿದ್ದರೆ ಕೆಲಸವಿಲ್ಲ ಎಂದಿದ್ದರು. ಲ್ಯಾಬಿನ ಫ್ರಿಜ್ ಆಫ್ ಮಾಡಿದ್ದರಿಂದ ಆ ಅಪ್ಪಟದ ಬಾಟಲಿ ನಮ್ಮ ಫ್ರಿಜ್ಜಿನಲ್ಲಿತ್ತು.

ಬಾಟಲಿಯ ಮೇಲಿನ ಚೀಟಿ ಜಪಾನಿಯಲ್ಲಿತ್ತು. ನಾನು ಕನ್ನಡವನ್ನೇ ಕೂಡಿಸಿ ಓದುವವಳು. ವನಸ್ಪತಿ ಎಂದುಕೊಂಡು ಬುಧವಾರ ಮಧ್ಯಾಹ್ನ ಅಳಿಯನ ಚಪಾತಿಗೆಲ್ಲ ಬಳಿದೆ.

"ಇನ್ನೊಂದು ಹಾಕಿಸ್ಕೊಳ್ಳಿ," ಎಂದೆ. ಆರು ತಿಂದ.

ಸಂಜೆ ಮೀಟಿಂಗಿನ ಮಧ್ಯೆ ಎದ್ದು ಓಡಿದ. ಚಡ್ಡಿಯೆಲ್ಲ ಎಣ್ಣೆ.

ಮಗಳು ಫ್ರಿಜ್ ತೆರೆದು, ಬರಿದಾಗುತ್ತ ಬಂದ ಬಾಟಲಿ ತೆಗೆದಳು. "ಅಯ್ಯೋ ಅಮ್ಮ, ಅದು ನನ್ನ ಸ್ಯಾಂಪಲ್!"

"ನನ್ ಮೇಲೇ ಎಕ್ಸ್‌ಪೆರಿಮೆಂಟ್ ಮಾಡ್ತೀಯೇನೇ?" ಎಂದು ಅಳಿಯ ಅವಳ ಮುಖಕ್ಕೆ ಗುದ್ದಿದ. ತುಟಿ ಸೀಳಿ ರಕ್ತ ಬಂತು. ಜುಟ್ಟು ಹಿಡಿದು ತಲೆಯನ್ನು ಬಾಗಿಲಿಗೆ ಬಡಿದ. ಹಿಂದೆಲ್ಲ ಗಾಯ ಕಂಡು ಕೇಳಿದಾಗ ಅವಳು ಬಾತ್‌ರೂಮಿನಲ್ಲಿ ಜಾರಿದೆ ಎಂದದ್ದೇಕೆಂದು ಆಗ ತಿಳಿಯಿತು.

"ಬಳಿದೋಳು ನಾನು," ಎಂದೆ.

"ಅತ್ತೆ, ನೀವು ಸುಮ್ನಿರಿ. ನಾಳೆಯಿಂದ ಇವಳಿಗೆ ಲ್ಯಾಬೂ ಇಲ್ಲ, ಗೀಬೂ ಇಲ್ಲ." ಬಾಟಲಿ ಕಿತ್ತುಕೊಂಡು ಒಡೆಯಲು ಕೈ ಎತ್ತಿದ.

ಆ ಮಣಿಕಟ್ಟಿಗೆ ಲಟ್ಟಣಿಗೆಯಿಂದ ಹೊಡೆದೆ. ಲಟಕ್ ಎಂದಿತು. ಬಾಟಲಿ ಚಾಪೆಯ ಮೇಲೆ ಉರುಳಿತು, ಒಡೆಯಲಿಲ್ಲ. ಬಗ್ಗಿದವನ ಬೆನ್ನಿಗೆ ಇನ್ನೆರಡು ಕೊಟ್ಟೆ.

"ಪೊಲೀಸ್ ಕರೀತೀನಿ!" ಎಂದ.

"ಕರಿಯೋ. ಅವಳ ತುಟಿ ತೋರಿಸ್ತೀನಿ. ನಿನ್ ಚಡ್ಡೀನೂ ತೋರಿಸ್ತೀನಿ."

ಕರೆಯಲಿಲ್ಲ. ಮಗಳು ಬಾಟಲಿಯ ತಳ ಕೆರೆದಳು. "ಸಾಕಾಗತ್ತೇನೇ?" ಎಂದೆ.

"ಮಿಷನ್ನಿಗೆ ಸಾಸಿವೆಯಷ್ಟು ಸಾಕಮ್ಮ."

ಬೆಳಿಗ್ಗೆ ಊದಿದ ತುಟಿಯ ಮೇಲೆ ಮಾಸ್ಕ್ ಏರಿಸಿಕೊಂಡು ಹೋದಳು. ಊರೆಲ್ಲ ಮಾಸ್ಕ್, ಯಾರೂ ಕೇಳಲಿಲ್ಲ. ನಾನು ಕೂಸನ್ನು ತೊಡೆಯ ಮೇಲೆ, ಲಟ್ಟಣಿಗೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ಕೂತೆ. ಅಳಿಯ ಕೋಣೆ ಬಿಟ್ಟು ಬರಲಿಲ್ಲ.

ನಾಲ್ಕಕ್ಕೆ ಫೋನು ಬಂತು. "ಬಿಸ್ಕತ್ತಲ್ಲಿ ಸುಳ್ಳು ಕೊಬ್ಬು ಸಿಕ್ತಮ್ಮ. ಫಲಿತಾಂಶ ಕೊಟ್ಟೆ, ಕೆಲಸ ಉಳೀತು."

"ಬರೋವಾಗ ಬೇರೆ ಮನೆ ನೋಡ್ಕೊಂಡು ಬಾ."

"ನೋಡಿಟ್ಟು ತಿಂಗಳಾಯ್ತು. ಮಗೂ ಬಟ್ಟೆ ಕಟ್ಟು."

ಕಟ್ಟಿದೆ. ಲಟ್ಟಣಿಗೆಯನ್ನೂ ಅದರಲ್ಲೇ ತುರುಕಿದೆ.