ಹುರುಳಿ ಗಂಟಿನೊಳಗಿನ ಕಾವು

ನಮ್ಮವ್ವ ಸೋರೆ ಬೀಜವನ್ನು ಹುರುಳಿಯ ಹೊಟ್ಟೆಯಲ್ಲಿಟ್ಟು ಮೊಳಕೆ ಬರಿಸುತ್ತಿದ್ದಳು. ಗುಡಿಬಂಡೆ ಹತ್ತಿರದ ನಮ್ಮ ಊರಿನಲ್ಲಿ ಮುಂಗಾರಿನ ಹೊತ್ತಿಗೆ ಗಾಳಿ ತಣ್ಣಗಿರುತ್ತದೆ. ಬರೀ ನೆನೆಸಿಟ್ಟರೆ ಬೀಜ ಏಳುವುದೇ ಇಲ್ಲ. ಅದಕ್ಕೇ ಸಾರಿಗೆಂದು ನೆನೆಸಿದ ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟುವಾಗ, ಅದರ ನಡುವೆ ಸೋರೆ ಬೀಜದ ಇನ್ನೊಂದು ಪುಟ್ಟ ಗಂಟು ಇಡುತ್ತಿದ್ದಳು. ಹುರುಳಿ ಮೊಳೆಯುವಾಗ ತಾನೇ ಬೆಚ್ಚಗಾಗುತ್ತದೆ. ಆ ಕಾವಿಗೆ ಸೋರೆಯ ದಪ್ಪ ಸಿಪ್ಪೆ ಬಾಯಿ ಬಿಡುತ್ತಿತ್ತು. ಗಂಟನ್ನು ಕೆನ್ನೆಗೆ ಒತ್ತಿ ನೋಡುವುದೇ ಅವಳ ಅಳತೆ.

“ಹಾಲು ಕುಡ್ದು ಮಲಗಿರೋ ಮಗೀನ ಬೆನ್ನು ಹೆಂಗಿರ್ತೈತೆ, ಹಂಗಿರ್ಬೇಕು ಕಣವ್ವ. ಜಾಸ್ತಿ ಆದ್ರೆ ಬೆಂದೋಗ್ತೈತೆ, ಕಮ್ಮಿ ಆದ್ರೆ ಕೊಳ್ತೋಗ್ತೈತೆ,” ಎನ್ನುತ್ತಿದ್ದಳು.

ಅದು ಅಂಗಡಿಯ ಉದ್ದ ಸೋರೆಯಲ್ಲ. ಕುಳ್ಳಗೆ, ಹೊಟ್ಟೆ ದಪ್ಪ, ಕುರಿ ಹಟ್ಟಿಯ ಮೇಲೆ ಹಬ್ಬುತ್ತಿತ್ತು. ಮಡಕಶಿರದ ಸಂತೆಯಲ್ಲಿ ತೆಲುಗಿನವರೂ “ಆ ಪೊಟ್ಟಿ ಆನಪಕಾಯ ಲೇದಾ ಅಮ್ಮಾ?” ಎಂದು ಆ ಕುಳ್ಳ ಸೋರೆಗಾಗಿಯೇ ಅವ್ವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವ್ವ ಹೋದ ಮೇಲೆ ಯಾರೂ ಬಿತ್ತಲಿಲ್ಲ. ಈ ಸಲದ ಬೇಸಿಗೆಯಲ್ಲಿ ನನ್ನ ತಮ್ಮ ಹಟ್ಟಿ ಕೆಡವಿ ತಗಡಿನ ಶೆಡ್ ಹಾಕಿಸುವಾಗ, ಮಣ್ಣಿನ ಗೋಡೆಯಲ್ಲಿ ಅವಳು ತಟ್ಟಿದ್ದ ಬೀಜದ ಬೆರಣಿ ಸಿಕ್ಕಿತು. ಸಗಣಿಯಲ್ಲಿ ಬೀಜ ಹುದುಗಿಸಿ ಗೋಡೆಗೆ ತಟ್ಟಿಟ್ಟರೆ ಹುಳು ಮುಟ್ಟುವುದಿಲ್ಲವೆಂದು ನಮ್ಮ ಕಡೆ ಹಾಗೆ ಮಾಡುತ್ತಾರೆ.

ತಮ್ಮ ಫೋನು ಮಾಡಿದ. “ಅಕ್ಕಯ್ಯ, ಇದೊಂದೇ ಉಳ್ದಿರೋದು. ಊರಲ್ಲಿ ಯಾರತ್ರಾನೂ ಇಲ್ಲ. ನಂಗೆ ಇವೆಲ್ಲ ಬರಾಕಿಲ್ಲ, ನೀನೇ ಹಾಕು.” ಪೇಪರಿನಲ್ಲಿ ಸುತ್ತಿ, ಬಸ್ಸಿಗೆ ಹೊರಟಿದ್ದ ಗುರುತಿನವರ ಕೈಯಲ್ಲಿ ನಾನಿರುವ ರಾಯದುರ್ಗಕ್ಕೆ ಕಳಿಸಿದ.

ನನಗೆ ತಡೆಯಲಾಗಲಿಲ್ಲ. ಉರಿ ಬೇಸಿಗೆ ಅನ್ನುವುದನ್ನೂ ನೋಡದೆ ಅರ್ಧ ಬೆರಣಿ ಮುರಿದು, ಬೀಜ ಬಿಡಿಸಿ, ಅವ್ವನ ಹಾಗೆಯೇ ಹುರುಳಿಯ ನಡುವೆ ಕಟ್ಟಿಟ್ಟೆ. ಬಿಚ್ಚಿದಾಗ ಹಬೆಯೇ ಎದ್ದಂತಾಯಿತು. ಹುರುಳಿ ಹುಳಿ ವಾಸನೆ ಹೊಡೆಯುತ್ತಿತ್ತು, ಸೋರೆ ಬೀಜ ಹಿಚುಕಿದರೆ ಮೆತ್ತಗೆ ಜಾರುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. “ಏನವಾ, ಬೀಜ ನೆನಸೀಯೋ ಕುದಿಸೀಯೋ?”

“ನಮ್ಮವ್ವ ಹಿಂಗೇ ಮಾಡ್ತಿದ್ಲು ಅತ್ತೆ.”

“ನಿಮ್ಮೂರು ತಂಪೈತಿ, ಅಲ್ಲಿ ಕಾವು ಹುಡುಕ್ಯಾಡಬೇಕು. ಇಲ್ಲಿ ಬೀದ್ಯಾಗ ಬಿದ್ದೈತಿ. ನಾವು ನೀರಿನ ಗಡಿಗಿ ಕೆಳಗಿನ ಹಸಿ ಉಸುಕಿನ್ಯಾಗ ಇಡತೀವಿ. ಮಳಿ ಬರ್ಲಿ, ಉಳಿದದ್ದು ಹಾಕೀಯಂತ. ಅಳಬ್ಯಾಡ.”

ಉಳಿದರ್ಧ ಬೆರಣಿಯ ಮುರಿದ ಅಂಚಿಗೆ ಹಸಿ ಸಗಣಿ ಮೆತ್ತಿ, ಅವ್ವ ಮಾಡಿದಂತೆಯೇ ಗೋಡೆಗೆ ತಟ್ಟಿದೆ. ಹಿತ್ತಲಿನ ಸಿಮೆಂಟು ಗೋಡೆ. ಬೇಸಿಗೆಯುದ್ದಕ್ಕೂ ಅದು ಅಲ್ಲೇ ಇತ್ತು. ಬಟ್ಟೆ ಒಣಹಾಕಲು ಹೋದಾಗಲೆಲ್ಲ ನೋಡಿ, ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮಳೆ ಬಂತು. ಗೋಡೆಯ ಬೆರಣಿ ಕಿತ್ತು ಬೀಜ ಬಿಡಿಸಿದೆ. ನೀರಿನ ಗಡಿಗೆ ತಂದು, ಅದರ ಕೆಳಗೆ ಮರಳು ಹಾಸಿ ಒಂದಿಷ್ಟು ಬೀಜ ಹುಗಿದೆ. ಮೊಳಕೆ ಕಾಣಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಬರೀ ಡಿಗ್ರಿಗಳ ಮಾತು. ಮನೆಯಲ್ಲಿದ್ದ ಜ್ವರ ನೋಡುವ ಥರ್ಮಾಮೀಟರನ್ನೇ ಮರಳಿಗೆ ಚುಚ್ಚಿದೆ. ಅದು ಅಂಕಿಯನ್ನೇ ತೋರಿಸದೆ, ತೀರಾ ತಣ್ಣಗಿದೆಯೆಂದು ಪಿಣಿಪಿಣಿ ಎಂದಿತು.

ಯಜಮಾನರು ಬಗ್ಗಿ ನೋಡಿದರು. “ಬೀಜಕ್ಕ ಜ್ವರ ಇಲ್ಲ ಬಿಡು. ಗಂಜಿ ಹಾಕು, ಎದ್ದು ಕೂಡ್ತೈತಿ.”

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ನನಗೂ ನಗು ಬಂತು. ಆಮೇಲೆ ಮರಳು ಕೆದಕಿದರೆ ಬೀಜಕ್ಕೆಲ್ಲ ಲೋಳೆ ಹತ್ತಿತ್ತು. ತಂಪು ಜಾಸ್ತಿಯಾಯಿತು ಎಂದುಕೊಂಡೆ. ಈ ಊರಿನ ಹದ ನನಗೆ ಒಲಿಯುವುದಿಲ್ಲ, ಹುಟ್ಟಿದ ನೆಲದಲ್ಲೇ ಹಾಕಬೇಕು ಎಂದುಕೊಂಡೆ. ಕೊನೆಯ ಹಿಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಮ್ಮನ ಮನೆಗೆ ಹೋದೆ.

ತಮ್ಮನ ಹೆಂಡತಿ ಹುರುಳಿ ನೆನೆಸಿದಳು. ಗಂಟನ್ನು ನಾನೇ ಕಟ್ಟಿ ಅಡಿಗೆಮನೆಯ ಮೂಲೆಯಲ್ಲಿಟ್ಟೆ. ಹುರುಳಿ ಮೊಳೆತು ಬಟ್ಟೆ ಬಿಗಿಯಾದ ಮೇಲೆ ಎತ್ತಿ ಕೆನ್ನೆಗೆ ಒತ್ತಿಕೊಂಡೆ. ಅದೇ! ಹಾಲು ಕುಡಿದು ಮಲಗಿದ ಮಗುವಿನ ಬೆನ್ನು. ಹೆಚ್ಚಿಲ್ಲ, ಕಡಿಮೆಯಿಲ್ಲ. ಅವ್ವ ಪಕ್ಕದಲ್ಲೇ ಕೂತಂತಾಯಿತು. ಆಮೇಲೆ ಬಿಚ್ಚಿದೆ.

ಹುರುಳಿ ಬಟ್ಟೆಯ ಎಳೆ ಎಳೆಯಲ್ಲೂ ಬೆಳ್ಳಗೆ ಬಾಲ ಬಿಟ್ಟಿತ್ತು. ಒಳಗಿನ ಪುಟ್ಟ ಗಂಟು ಇಟ್ಟಂತೆಯೇ ಇತ್ತು. ತಮ್ಮ ಒಂದು ಬೀಜವನ್ನು ಹಲ್ಲಿನಿಂದ ಕಚ್ಚಿ ಸೀಳಿ ಅಂಗೈಗೆ ಹಾಕಿಕೊಂಡ. ಒಳಗಿನ ಬೇಳೆ ಸುಟ್ಟ ಶೇಂಗಾದಂತೆ ಕಂದಾಗಿ ಮುರುಟಿತ್ತು. ಇನ್ನೊಂದು ಸೀಳಿದ. ಅದೂ ಹಾಗೇ.

“ಅಕ್ಕಯ್ಯ, ಬೆರಣೀನ ಎಲ್ಲಿಕ್ಕಿದ್ದೆ?”

“ಹಿತ್ಲಲ್ಲಿ. ಗೋಡೆಗೆ ತಟ್ಟಿದ್ದೆ.”

“ಮಣ್ಣು ಗೋಡೇನಾ?”

ಸಿಮೆಂಟಿನದು. ರಾಯದುರ್ಗದ ಬಿಸಿಲಿಗೆ ನಮ್ಮ ಹಿತ್ತಲ ಗೋಡೆ ಮುಟ್ಟಿದರೆ ಬೊಬ್ಬೆ ಏಳುತ್ತದೆ. ಗಡಿಗೆಯ ತಂಪಿನ ತಪ್ಪೂ ಅಲ್ಲ, ಊರಿನ ಹದದ ತಪ್ಪೂ ಅಲ್ಲ. ನಾನು ಕಾವು ಹುಡುಕುತ್ತಿದ್ದಾಗ ಬೀಜ ಆಗಲೇ ಗೋಡೆಯಲ್ಲಿ ಹುರಿದುಹೋಗಿತ್ತು.

“ಹೋಗ್ಲಿ ಬಿಡಕ್ಕ,” ಎಂದು ಎದ್ದುಹೋದ ತಮ್ಮ, ಶೆಡ್ಡಿನ ಮುಂದೆ ನಮಗೆ ಬೆನ್ನು ಹಾಕಿ ನಿಂತ.

ತಮ್ಮನ ಹೆಂಡತಿ ಹುರುಳಿಯನ್ನು ಪಾತ್ರೆಗೆ ಸುರಿದುಕೊಂಡಳು. ಮಧ್ಯಾಹ್ನ ಮೊಳಕೆ ಸಾರು, ಮುದ್ದೆ. ಸಾರು ಚೆನ್ನಾಗಿತ್ತು. ಎಲ್ಲರೂ ಉಂಡರು, ನಾನೂ ಉಂಡೆ.