ವಾರಿಜಳ ಕಲ್ಲುಗಳು

ಕುಲೆ, ಭೂತ, ಸತ್ತವರ ಸಿಟ್ಟು ಎಂದು ಯಾರಾದರೂ ಹೇಳಿದರೆ ಮುಖದ ಮೇಲೆಯೇ ನಕ್ಕುಬಿಡುತ್ತಿದ್ದವಳು ನಾನು. ಈಗ ನೀವು ನಗಬಹುದು, ಬೇಸರವಿಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತಿದು.

ನಾನು ನಮ್ಮವರ ಎರಡನೆಯ ಹೆಂಡತಿ. ಮೊದಲನೆಯವಳು ವಾರಿಜ. ಹೊಟ್ಟೆನೋವು ಬಂದಾಗಲೆಲ್ಲ ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದು ವರ್ಷಗಟ್ಟಲೆ ಸಹಿಸಿದವಳಂತೆ. ಪಿತ್ತಕೋಶ ತೆಗೆಯುವ ಹೊತ್ತಿಗೆ ಕ್ಯಾನ್ಸರ್ ಹಿಡಿದಿತ್ತು. ಅದರೊಳಗಿದ್ದ ಕಲ್ಲುಗಳನ್ನು ಆಸ್ಪತ್ರೆಯವರು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಟ್ಟಿದ್ದರು. ಡೊಂಬಿವಲಿಯ ನಮ್ಮ ಮನೆಯ ಕಪಾಟಿನಲ್ಲಿ ಅದು ಇತ್ತು. ಫೋಟೋ ಆಗಿದ್ದರೆ ನಾನೇ ಹೂ ಹಾಕುತ್ತಿದ್ದೆ. ಇವರು ಹೋಟೆಲಿನಿಂದ ಬಂದವರೇ ಆ ಬಾಟಲಿ ಹಿಡಿದು ಕೂರುತ್ತಿದ್ದರು.

"ಎಷ್ಟು ನೋವು ತಿಂದ್ಲು ಮಾರಾಯ್ತಿ, ಒಂದು ಮಾತು ಹೇಳ್ಲಿಲ್ಲ. ಪಾಪ ವಾರಿಜ," ಎನ್ನುತ್ತಿದ್ದರು. ನನಗೆ ತಲೆನೋವು ಬಂದರೆ "ಬಾಮ್ ಹಚ್ಚು," ಅಷ್ಟೇ. ಸತ್ತವಳ ಮೇಲೆ ಹೊಟ್ಟೆಕಿಚ್ಚೇ ಎಂದು ಕೇಳಬೇಡಿ. ಬದುಕಿರುವ ಸವತಿಯಾದರೆ ಜಗಳವಾದರೂ ಆಡಬಹುದು.

ಒಮ್ಮೆ ಒಂದು ಕಲ್ಲನ್ನು ಲಟ್ಟಣಿಗೆಯಿಂದ ಕುಟ್ಟಿ ನೋಡಿದೆ. ಮೂಲೆ ಮುರಿದು, ಒಳಗೆ ಈರುಳ್ಳಿಯ ಹಾಗೆ ಹಳದಿ ಪದರಗಳು ಕಂಡವು. ಪೂಜೆ ಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮತ್ತೆ ಬಾಟಲಿಗೇ ಹಾಕಿಟ್ಟೆ. ಆಮೇಲೆ ಇವರು ಉಡುಪಿಗೆ ಹೋಗಿದ್ದಾಗ ಬಾಟಲಿಯನ್ನೇ ಚೀಲಕ್ಕೆ ಹಾಕಿಕೊಂಡೆ. ನನ್ನ ಆಫೀಸು ಠಾಣೆಯಲ್ಲಿ. ಲೋಕಲ್ ರೈಲು ಖಾಡಿಯ, ಅಂದರೆ ಅಳಿವೆಯ, ಸೇತುವೆಗೆ ಬಂದಾಗ ಹೆಂಗಸರು ದೇವರ ಬಾಡಿದ ಹೂವಿನ ಪೊಟ್ಟಣಗಳನ್ನು ನೀರಿಗೆ ಎಸೆಯುತ್ತಾರೆ. ನಾನೂ ಬಾಗಿಲಿಗೆ ಹೋದೆ.

"ನಿರ್ಮಾಲ್ಯ ಕಾ?" ಎಂದು ಮರಾಠಿಯಲ್ಲಿ ಕೇಳಿದಳು ಪಕ್ಕದವಳು.

"ಹೋ," ಎಂದು ತಲೆಯಾಡಿಸಿ ಎಸೆದುಬಿಟ್ಟೆ. ಅಂದು ಆಫೀಸಿನಲ್ಲಿ ಹಾಯಾಗಿ ಊಟ ಮಾಡಿದೆ.

ಅದೇ ವಾರ ಬಲಪಕ್ಕೆಯ ಕೆಳಗೆ ನೋವು ಶುರುವಾಯಿತು. ಬೆನ್ನಿಗೆ ಹತ್ತಿ ಉಸಿರು ಕಟ್ಟುವಂಥ ನೋವು. ಇವರು ಊರಿನಿಂದ ಓಡಿ ಬಂದರು. ಸೋನೋಗ್ರಫಿಯಲ್ಲಿ ಪಿತ್ತಕೋಶದ ತುಂಬ ಕಲ್ಲು! ಕೆಲವೇ ತಿಂಗಳ ಹಿಂದೆ ಆಫೀಸಿನ ತಪಾಸಣೆಯಲ್ಲಿ ಅದೇ ಪಿತ್ತಕೋಶ ಶುಭ್ರವಾಗಿತ್ತು.

ಆಪರೇಷನ್ ಆಯಿತು. ಬಯಾಪ್ಸಿ ಬರುವವರೆಗೆ ಇವರು ಹೋಟೆಲ್ ಬಿಟ್ಟು ನನ್ನ ಕೈ ಹಿಡಿದು ಕೂತಿದ್ದರು. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಹೆದರಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು. ಕ್ಯಾನ್ಸರ್ ಇರಲಿಲ್ಲ. ಆದರೆ ಎಷ್ಟು ವರ್ಷದಿಂದ ಸಹಿಸಿಕೊಂಡಿದ್ದಿರಿ ಎಂದು ಸರ್ಜನ್ ಗದರಿದರು: "ಕಿತ್ನೇ ಸಾಲ್ ಸೇ ಸಹ್ ರಹೀ ಥೀ, ಭಾಭೀ?" ಪಿತ್ತಕೋಶದ ಗೋಡೆ ದಪ್ಪಗಾಗಿ ಗಡುಸಾಗಿದೆ, ಒಳಪದರದ ಕೋಶಗಳೇ ರೂಪ ಬದಲಿಸಿವೆ, ವರ್ಷಗಟ್ಟಲೆ ಕಲ್ಲು ಉಜ್ಜದೆ ಹೀಗಾಗದು ಎಂದರು. ಒಂದು ವಾರದ ನೋವು ಎಂದರೆ ಅವರು ನಂಬಲೇ ಇಲ್ಲ.

ನರ್ಸ್ ನನ್ನ ಕಲ್ಲುಗಳ ಬಾಟಲಿ ತಂದುಕೊಟ್ಟಳು. ಎಲ್ಲದರ ಮೇಲೆ ಒಂದು ಕಲ್ಲು ಮೂಲೆ ಮುರಿದು ಕೂತಿತ್ತು. ಮುರಿದಲ್ಲಿ ಹಳದಿ ಪದರ. ತೆಗೆಯುವಾಗ ಮುರಿದಿರಬಹುದು ಎಂದು ಎಷ್ಟು ಹೇಳಿಕೊಂಡರೂ ನನ್ನ ಲಟ್ಟಣಿಗೆಯ ಏಟು ನನಗೆ ಗೊತ್ತಾಗದೇ?

ಇವರು ಬಾಟಲಿ ನೋಡಿ, "ಅರೆ, ವಾರಿಜಂದು ಇಲ್ಲಿಗ್ಯಾಕೆ ತಂದದ್ದು?" ಎಂದರು.

"ಅದು ನನ್ನದು," ಎಂದೆ.

ಕೇಳಿಸಿತೋ ಇಲ್ಲವೋ. ಮನೆಗೆ ತಂದು ಕಪಾಟಿನ ಅದೇ ಜಾಗದಲ್ಲಿಟ್ಟರು. ಹಳೆಯದು ಎಲ್ಲಿ ಎಂದು ಹುಡುಕಲೇ ಇಲ್ಲ. ಆ ಕಲ್ಲು ನನ್ನೊಳಗೆ ಹೇಗೆ ಬಂತು ಎಂದು ನನಗೆ ಇಂದಿಗೂ ತಿಳಿಯದು, ತಿಳಿದವರಿದ್ದರೆ ಹೇಳಿ. ಇವರು ಈಗಲೂ ಸಂಜೆ ಅದನ್ನು ಹಿಡಿದು ಕೂರುತ್ತಾರೆ. "ಪಾಪ ವಾರಿಜ," ಎನ್ನುತ್ತಾರೆ. ನಾನು ಅಡುಗೆಮನೆಯಲ್ಲಿ ಹೊಟ್ಟೆಯ ಹೊಲಿಗೆಯ ಗುರುತು ಮುಟ್ಟಿಕೊಂಡು ಕೇಳುತ್ತೇನೆ.