ನನ್ನ ಶ್ರದ್ಧಾಂಜಲಿ ಭಾಷಣ

“ಬಸಣ್ಣ ಹೊಡೆದ ಒಂದೊಂದು ಗೋಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ!”

ಮುಂಬೈನ ಭಾಂಡುಪಿನಲ್ಲಿರುವ ನಮ್ಮ ಚಾಳಿನ ಶ್ರದ್ಧಾಂಜಲಿ ಸಭೆಯಲ್ಲಿ, ಸೆಕ್ರೆಟರಿಯೆಂಬ ಗತ್ತಿನಿಂದ ಮೈಕ್ ಹಿಡಿದು ಹಾಗೆಂದೆ. ಬಸಣ್ಣ ರಾಜ್ಯ ತಂಡಕ್ಕೆ ಆಡಿದ ದೊಡ್ಡ ಫುಟ್‌ಬಾಲ್ ಆಟಗಾರ. ಆಮೇಲೆ ಪ್ರತಿ ಭಾನುವಾರ ಚಾಳಿನ ಹುಡುಗಿಯರಿಗೆ ಆಟ ಕಲಿಸಿದರು; ಆ ಆಟದಿಂದಲೇ ಎಷ್ಟೋ ಜನರಿಗೆ ನೌಕರಿ ಸಿಕ್ಕಿತು. ಮುಂದೆ ಕೂತಿದ್ದ ಆ ಹುಡುಗಿಯರು ನನ್ನ ಮಾತಿಗೆ ತಲೆ ತಗ್ಗಿಸಿದರು. ಬಸಣ್ಣನ ಹೆಂಡತಿ ಮೆಲ್ಲಗೆ ಅಂದರು: “ಸಾಹೇಬ್ರ, ನಮ್ಮ ಮನಿಯವ್ರು ಗೋಲ್ ಹೊಡದವ್ರಲ್ರಿ, ತಡದವ್ರು. ಗೋಲ್‌ಕೀಪರ್ ಇದ್ರು.”

ನಾನು ಮೈಕ್ ಕೆಳಗಿಟ್ಟೆ.

ಹನ್ನೆರಡು ವರ್ಷ, ದಿನಾ ಬೆಳಿಗ್ಗೆ ಲೋಕಲ್ ರೈಲು ಹತ್ತುವ ಮೊದಲು ಬಸಣ್ಣನ ಕೈ ಕುಲುಕಿದ್ದೇನೆ. ಆ ಬೆರಳುಗಳು ಯಾಕೆ ಸೊಟ್ಟಗಾಗಿವೆ ಎಂದು ಒಂದು ದಿನವೂ ಕೇಳಲಿಲ್ಲ.